ಮಕ್ಕಳಿಗೆ ಸುರಕ್ಷಿತವಾಗಿ ಔಷಧ ಕೊಡುವ ತರಬೇತಿ: ನರ್ಸ್‌ಗಳಿಗೆ ಯಾವ ವಿಧಾನ, ಯಾವಾಗ?

ಹತ್ತು ಕೆ.ಜಿ. ತೂಕದ ಮಗುವಿಗೆ ಜ್ವರ ಬಂದಿದೆ. ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ 150 ಮಿ.ಗ್ರಾಂ ಪ್ಯಾರಾಸಿಟಮಾಲ್ ಕೊಡಬೇಕೆಂದು ವೈದ್ಯರು ಬರೆದಿದ್ದಾರೆ. ವಾರ್ಡಿನ ಕಪಾಟಿನಲ್ಲಿರುವುದು 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ ಸಿರಪ್ ಆದರೆ ನರ್ಸ್ 6 ಮಿ.ಲೀ. ಅಳೆಯಬೇಕು, 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ ಆದರೆ 3 ಮಿ.ಲೀ. ಸಾಕು, ಮಿ.ಲೀ.ಗೆ 100 ಮಿ.ಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಮಾತ್ರ. ಮೂರೂ ಅದೇ ಔಷಧ, ಮೂರರ ಪೆಟ್ಟಿಗೆಯ ಮೇಲೂ ಅದೇ ಹೆಸರು. ‘ಆರು ಮಿ.ಲೀ.’ ಎಂದು ರೂಢಿಯಾದ ಕೈ ಒಂದು ದಿನ ಡ್ರಾಪ್ಸ್ ಬಾಟಲಿಗೆ ಹೋದರೆ ಮಗುವಿನ ಹೊಟ್ಟೆಗೆ ನಾಲ್ಕು ಪಟ್ಟು ಔಷಧ ಸೇರುತ್ತದೆ.

ಇಂಥ ತಪ್ಪನ್ನು ತಡೆಯಬೇಕಾದ ತರಬೇತಿ ಯಾವುದು? ತರಗತಿಯ ಪಾಠವೇ, ಆನ್‌ಲೈನ್ ಕೋರ್ಸೇ, ಗೊಂಬೆಯ ಮೇಲಿನ ಸಿಮ್ಯುಲೇಷನ್ನೇ (ನಿಜದಂಥ ಅಣಕು ಪ್ರಸಂಗ), ಅನುಭವಿ ನರ್ಸಿನ ಜೊತೆಗೆ ಹಾಸಿಗೆಯ ಪಕ್ಕದಲ್ಲಿ ಕಲಿಯುವುದೇ? ಮಕ್ಕಳ ವಾರ್ಡಿಗೆ ತರಬೇತಿ ಯೋಜಿಸುವ ಮೇಲ್ವಿಚಾರಕರ ಮುಂದೆ ಸಾಮಾನ್ಯವಾಗಿ ಇರುವ ಆಯ್ಕೆಗಳು ಇವೇ, ಮತ್ತು ಎಲ್ಲವನ್ನೂ ಮಾಡಲು ಯಾರಲ್ಲಿಯೂ ಸಮಯವಿರುವುದಿಲ್ಲ. ಹಲವು ವರ್ಷ ಈ ತರಬೇತಿಗಳನ್ನು ನಡೆಸಿದ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು: ವಿಧಾನವನ್ನು ಅದರ ಹೊಳಪು ನೋಡಿ ಆರಿಸಬಾರದು, ನಮ್ಮ ವಾರ್ಡಿನಲ್ಲಿ ತಪ್ಪು ಯಾವ ಹಂತದಲ್ಲಿ ಆಗುತ್ತಿದೆ ಎಂಬುದನ್ನು ನೋಡಿ ಆರಿಸಬೇಕು. ಹಾಗೆ ಆರಿಸಿದಾಗ ಬಹುಪಾಲು ವಾರ್ಡುಗಳಿಗೆ ಮೊದಲು ಬೇಕಾಗುವುದು ಎಲ್ಲಕ್ಕಿಂತ ಸರಳವಾದ, ಯಾರೂ ಹೆಚ್ಚಾಗಿ ಮಾತನಾಡದ ವಿಧಾನವೇ ಆಗಿರುತ್ತದೆ.

ಮಕ್ಕಳ ಔಷಧ ಏಕೆ ಬೇರೆ

ವಯಸ್ಕರ ವಾರ್ಡಿನಲ್ಲಿ ಒಂದು ಮಾತ್ರೆ ಎಂದರೆ ಬಹುತೇಕ ಎಲ್ಲರಿಗೂ ಒಂದು ಮಾತ್ರೆ. ಮಕ್ಕಳ ವಾರ್ಡಿನಲ್ಲಿ ಒಂದೂವರೆ ಕೆ.ಜಿ. ತೂಕದ, ತಿಂಗಳು ತುಂಬದ ಶಿಶುವೂ ಐವತ್ತು ಕೆ.ಜಿ. ತೂಕದ ಹದಿಹರೆಯದವರೂ ಒಂದೇ ಕಪಾಟಿನ ಔಷಧವನ್ನು ಪಡೆಯುತ್ತಾರೆ. ಹೀಗಾಗಿ ಪ್ರತಿ ಡೋಸ್‌ಗೂ ತೂಕ ಬೇಕು, ತೂಕದಿಂದ ಮಿ.ಗ್ರಾಂ ಲೆಕ್ಕ, ಮಿ.ಗ್ರಾಂನಿಂದ ಮಿ.ಲೀ. ಲೆಕ್ಕ, ಎಷ್ಟೋ ಸಲ ನಡುವೆ ತೆಳುಗೊಳಿಸುವ ಒಂದು ಹಂತವೂ ಬೇಕು. 2001ರಲ್ಲಿ ಪ್ರಕಟವಾದ, ಅಮೆರಿಕದ ಎರಡು ಆಸ್ಪತ್ರೆಗಳಲ್ಲಿ ದಾಖಲಾದ ಮಕ್ಕಳ ಔಷಧ ಆದೇಶಗಳನ್ನು ಪರಿಶೀಲಿಸಿದ ಹೆಸರುವಾಸಿ ಅಧ್ಯಯನವೊಂದು, ಹಾನಿಯಾಗುವ ಸಾಧ್ಯತೆಯಿದ್ದ ತಪ್ಪುಗಳ ದರ ವಯಸ್ಕರಿಗಿಂತ ಮಕ್ಕಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿದೆ ಎಂದು ಕಂಡುಕೊಂಡಿತು. ಇಷ್ಟೊಂದು ಲೆಕ್ಕ ಇರುವ ಕಡೆ ಇದು ಅಚ್ಚರಿಯ ಸಂಗತಿಯಲ್ಲ.

ದಶಮಾಂಶ ಬಿಂದು ಒಂದು ಮನೆ ಜರುಗಿದರೆ ಡೋಸ್ ಹತ್ತು ಪಟ್ಟಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಕ್ಕಳಲ್ಲಿ ಈ ತಪ್ಪು ಏಕೆ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಬಹಳಷ್ಟು ಪಾಠಗಳು ಹೇಳುವುದೇ ಇಲ್ಲ. ಬಲವಾದ ನೋವುನಿವಾರಕ ಮಾರ್ಫಿನ್‌ನ, 10 ಮಿ.ಗ್ರಾಂ ಇರುವ 1 ಮಿ.ಲೀ. ಆಂಪೂಲನ್ನು (ಒಡೆದು ತೆರೆಯುವ ಪುಟ್ಟ ಗಾಜಿನ ಶೀಶೆಯನ್ನು) ನೋಡಿ. ವಯಸ್ಕರೊಬ್ಬರಿಗೆ ಒಂದು ಆಂಪೂಲಿನ ಬದಲು ಹತ್ತು ಪಟ್ಟು ಕೊಡಲು ಹೊರಟವರು ಹತ್ತು ಆಂಪೂಲ್ ಒಡೆಯಬೇಕಾಗುತ್ತದೆ. ಎರಡನೆಯದನ್ನು ಒಡೆಯುವಾಗಲೇ ಕೈ ತಡೆಯುತ್ತದೆ. ಹತ್ತು ಕೆ.ಜಿ. ಮಗುವಿಗೆ ಕೆ.ಜಿ.ಗೆ 0.1 ಮಿ.ಗ್ರಾಂ ಲೆಕ್ಕದಲ್ಲಿ ಬೇಕಾಗುವುದು 1 ಮಿ.ಗ್ರಾಂ, ಅಂದರೆ 0.1 ಮಿ.ಲೀ.; ಹತ್ತು ಪಟ್ಟು ತಪ್ಪಿದರೆ ಸರಿಯಾಗಿ ಒಂದು ಆಂಪೂಲ್. ಒಂದು ರೋಗಿ, ಒಂದು ಆಂಪೂಲ್, ನೋಡಲು ಎಲ್ಲವೂ ಸರಿಯಾಗಿಯೇ ಇದೆ. ಕಣ್ಣಳತೆಗೆ ಎಚ್ಚರಿಕೆ ಕೊಡುವ ಯಾವ ಗುರುತೂ ಅಲ್ಲಿ ಇರುವುದಿಲ್ಲ.

ದೇಹದ ಒಳಗಿನ ವ್ಯತ್ಯಾಸವೂ ಸಣ್ಣದಲ್ಲ. ನವಜಾತ ಶಿಶುವಿನ ಯಕೃತ್ತು ಕ್ಲೋರಾಂಫೆನಿಕಾಲ್‌ನಂಥ ಆ್ಯಂಟಿಬಯಾಟಿಕ್ ಔಷಧವನ್ನು ವಿಲೇವಾರಿ ಮಾಡುವಷ್ಟು ಬೆಳೆದಿರುವುದಿಲ್ಲ. ಮಗು ಬೂದುಬಣ್ಣಕ್ಕೆ ತಿರುಗಿ ಕುಸಿಯುವ ‘ಗ್ರೇ ಬೇಬಿ’ ಸ್ಥಿತಿಯನ್ನು 1959ರ ಹೊತ್ತಿಗೇ ವೈದ್ಯರು ಗುರುತಿಸಿದ್ದರು. ಮೂತ್ರಪಿಂಡವೂ ಎಳೆಯದಾದ್ದರಿಂದ ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಎರಡು ಡೋಸ್‌ಗಳ ನಡುವಿನ ಅಂತರವನ್ನು ಹೆಚ್ಚಿಸಬೇಕಾಗುತ್ತದೆ. ನವಜಾತ ಶಿಶುವಿನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕನ್ನು ಕ್ಯಾಲ್ಸಿಯಂ ಇರುವ ದ್ರಾವಣದೊಂದಿಗೆ ಸೇರಿಸುವಂತಿಲ್ಲ. ನೋವು, ಕೆಮ್ಮಿಗೆ ಬಳಸುವ ಕೋಡೀನನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಹೇಳಿತು, ಏಕೆಂದರೆ ಕೆಲವು ಮಕ್ಕಳ ದೇಹ ಅದನ್ನು ಬಹಳ ವೇಗವಾಗಿ ಮಾರ್ಫಿನ್ ಆಗಿ ಬದಲಾಯಿಸುತ್ತದೆ. ಇವೆಲ್ಲ ತಿಳಿವಳಿಕೆಯ ವಿಷಯಗಳು, ಸಿರಿಂಜಿನಲ್ಲಿ 0.1 ಮಿ.ಲೀ. ಎಳೆಯುವುದು ಕೈಯ ವಿಷಯ. ಒಂದನ್ನು ಕಲಿಸುವ ವಿಧಾನ ಇನ್ನೊಂದನ್ನು ಕಲಿಸದು ಎಂಬುದರಿಂದಲೇ ಆಯ್ಕೆಯ ಪ್ರಶ್ನೆ ಹುಟ್ಟುತ್ತದೆ.

ಆಯ್ಕೆಗೆ ಮುಂಚೆ ಒಂದು ಕೆಲಸ

ಔಷಧ ಚಾರ್ಟಿನಿಂದ ಮಗುವಿನ ಬಾಯಿಗೋ ರಕ್ತನಾಳಕ್ಕೋ ಹೋಗುವ ದಾರಿಯಲ್ಲಿ ಐದು ಹಂತಗಳಿವೆ: ಆದೇಶವನ್ನು ಓದಿ ಪ್ರಶ್ನಿಸುವುದು, ಲೆಕ್ಕ ಹಾಕುವುದು, ಸಿದ್ಧಪಡಿಸುವುದು, ಕೊಡುವುದು, ಕೊಟ್ಟ ಮೇಲೆ ಗಮನಿಸುವುದು. ಕಳೆದ ಕೆಲವು ತಿಂಗಳುಗಳಲ್ಲಿ ವರದಿಯಾದ ತಪ್ಪುಗಳನ್ನೂ, ತಪ್ಪಾಗುವುದರಲ್ಲಿದ್ದು ತಪ್ಪಿಹೋದ ಸಂದರ್ಭಗಳನ್ನೂ ಈ ಐದು ಹಂತಗಳಿಗೆ ಹಂಚಿ ನೋಡಿದರೆ ಯಾವ ಹಂತ ದುರ್ಬಲ ಎಂಬುದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ವರದಿಗಳೇ ಇಲ್ಲದಿದ್ದರೆ ಅದನ್ನು ತಪ್ಪುಗಳಿಲ್ಲ ಎಂದು ಓದಬಾರದು, ಹೇಳಿಕೊಳ್ಳಲು ಭಯವಿದೆ ಎಂದು ಓದಬೇಕು. ಆಗ ಎರಡು ಮೂರು ಪಾಳಿಗಳಲ್ಲಿ ಸುಮ್ಮನೆ ಪಕ್ಕದಲ್ಲಿ ನಿಂತು ನೋಡುವುದು ಉತ್ತಮ.

ಈ ಕೆಲಸವನ್ನು ಬಿಟ್ಟು ನೇರವಾಗಿ ತರಬೇತಿಗೆ ಇಳಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಪ್ರತಿ ತಪ್ಪಿನ ಬಳಿಕವೂ ಎಲ್ಲ ನರ್ಸ್‌ಗಳಿಗೆ ಲೆಕ್ಕದ ಪರೀಕ್ಷೆ ಕೊಡಲಾಗುತ್ತಿತ್ತು. ಆಮೇಲೆ ಕೂತು ನೋಡಿದಾಗ ಆ ತಪ್ಪುಗಳಲ್ಲಿ ಹೆಚ್ಚಿನವು ಲೆಕ್ಕದ್ದಾಗಿರಲಿಲ್ಲ. ಲೆಕ್ಕ ಸರಿಯಿದ್ದು, ಪುಡಿಯ ವಯಲಿನಲ್ಲಿ (ರಬ್ಬರ್ ಮುಚ್ಚಳದ ಪುಟ್ಟ ಔಷಧ ಶೀಶೆಯಲ್ಲಿ) ಔಷಧ ಕರಗಿಸುವಾಗ ಬೇರೆ ಬೇರೆಯವರು ಬೇರೆ ಬೇರೆ ಪ್ರಮಾಣದ ನೀರು ಹಾಕುತ್ತಿದ್ದರು. ಆ ಪರೀಕ್ಷೆಗಳನ್ನು ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬಳು.

ತರಗತಿಯ ಪಾಠ ಮತ್ತು ಲೆಕ್ಕದ ಹಾಳೆ

ಇದು ಎಲ್ಲರಿಗೂ ಪರಿಚಿತವಾದ ವಿಧಾನ. ಮೂವತ್ತು ಜನರನ್ನು ಒಟ್ಟಿಗೆ ಕೂರಿಸಬಹುದು, ಔಷಧ ತಜ್ಞರನ್ನು ಕರೆಸಬಹುದು, ‘ಏಕೆ’ ಎಂಬ ಪ್ರಶ್ನೆಗೆ ಬಿಡುವಾಗಿ ಉತ್ತರ ಕೊಡಬಹುದು. ನವಜಾತ ಶಿಶುವಿನ ಮೂತ್ರಪಿಂಡದ ಮಾತು, ಬರೆಯುವ ರೀತಿಯ ನಿಯಮಗಳು (0.5 ಎಂದು ಸೊನ್ನೆಯೊಂದಿಗೆ ಬರೆಯಬೇಕು, ಬರಿಯ ಬಿಂದುವಿನಿಂದ ಆರಂಭಿಸಬಾರದು. 5 ಎಂದು ಬರೆಯಬೇಕು, 5.0 ಎಂದಲ್ಲ), ಹೆಸರು ಹೋಲುವ ಔಷಧಗಳ ಪಟ್ಟಿ, ಹೆಚ್ಚು ಅಪಾಯದ ಔಷಧಗಳ ಪರಿಚಯ, ಇವುಗಳಿಗೆ ತರಗತಿಯೇ ಸರಿಯಾದ ಜಾಗ. ಹೊಸದಾಗಿ ಸೇರಿದವರಿಗೂ ವಯಸ್ಕರ ವಾರ್ಡಿನಿಂದ ಬಂದವರಿಗೂ ಒಂದೇ ಭಾಷೆ ಕೊಡುವುದು ಇದರ ದೊಡ್ಡ ಲಾಭ.

ದೌರ್ಬಲ್ಯವಿರುವುದು ಲೆಕ್ಕದ ಹಾಳೆಯಲ್ಲಿ. ಹಾಳೆಯಲ್ಲಿ ‘ಮಗುವಿನ ತೂಕ 12 ಕೆ.ಜಿ., ಆದೇಶ ಇಷ್ಟು, ಲಭ್ಯ ದ್ರಾವಣ ಇಷ್ಟು’ ಎಂದು ಬೇಕಾದ ಅಂಕಿಗಳನ್ನು ಮಾತ್ರ ಸಾಲಾಗಿ ಜೋಡಿಸಿ ಕೊಟ್ಟಿರುತ್ತೇವೆ. ವಾರ್ಡಿನಲ್ಲಿ ಅಂಕಿಗಳು ಹಾಗೆ ಸಾಲಾಗಿ ಬರುವುದಿಲ್ಲ. ಲೇಬಲ್ಲಿನ ಮೇಲೆ ಶೇಕಡಾವಾರು ಇದೆ, ಒಟ್ಟು ವಯಲಿನ ಪ್ರಮಾಣವಿದೆ, ಮಿ.ಲೀ.ಗೆ ಎಷ್ಟೆಂಬುದು ಚಿಕ್ಕ ಅಕ್ಷರದಲ್ಲಿದೆ, ತೂಕ ಮೂರು ವಾರ ಹಳೆಯದು. ಯಾವ ಅಂಕಿಯನ್ನು ಎತ್ತಿಕೊಳ್ಳಬೇಕು ಎಂಬುದೇ ನಿಜವಾದ ಪರೀಕ್ಷೆ, ಹಾಳೆ ಅದನ್ನೇ ಬಿಟ್ಟುಬಿಟ್ಟಿರುತ್ತದೆ. ಹಾಳೆ ಬೇಕೇ ಬೇಕು ಎನ್ನುವವರು ಅಂಕಿಗಳ ಬದಲು ಲೇಬಲ್ಲಿನ ಫೋಟೊ ಅಂಟಿಸಿ ಕೊಡಿ, ಪ್ರಶ್ನೆಗಳಲ್ಲಿ ಒಂದೆರಡು ಆದೇಶಗಳನ್ನು ಉದ್ದೇಶಪೂರ್ವಕವಾಗಿ ತಪ್ಪಾಗಿಡಿ, ‘ಇದನ್ನು ಕೊಡುವುದಿಲ್ಲ, ವೈದ್ಯರನ್ನು ಕೇಳುತ್ತೇನೆ’ ಎಂಬುದೂ ಸರಿಯುತ್ತರವಾಗಿರಲಿ. ಉತ್ತೀರ್ಣತೆಯ ಗೆರೆಯ ಬಗ್ಗೆಯೂ ಒಂದು ಮಾತು: ಡೋಸ್ ಲೆಕ್ಕದಲ್ಲಿ ನೂರಕ್ಕೆ ಎಂಬತ್ತು ಬಂದರೆ ಸಾಕು ಎಂಬ ರೂಢಿ ನನಗೆ ಒಪ್ಪಿಗೆಯಿಲ್ಲ. ಹತ್ತು ಡೋಸ್‌ಗಳಲ್ಲಿ ಎರಡು ತಪ್ಪಾದವರನ್ನು ಪಾಸು ಮಾಡಿ ಮರುದಿನ ವಾರ್ಡಿಗೆ ಕಳುಹಿಸುವುದು ಹೇಗೆ?

ಆನ್‌ಲೈನ್ ಪಾಠ

ಪಾಳಿಯಲ್ಲಿ ದುಡಿಯುವವರನ್ನು ಒಂದೇ ದಿನ ಒಂದೇ ಕೋಣೆಯಲ್ಲಿ ಸೇರಿಸುವುದು ಕಷ್ಟವಾದಾಗ ಇದು ಅನುಕೂಲ. ಎಲ್ಲರಿಗೂ ಅದೇ ಪಾಠ ತಲುಪುತ್ತದೆ, ಯಾರು ಮುಗಿಸಿದರೆಂದು ತಿಳಿಯುತ್ತದೆ, ಮರೆತದ್ದನ್ನು ಮತ್ತೆ ನೋಡಬಹುದು. ನನ್ನ ಅನುಭವದಲ್ಲಿ ಒಂದು ಗಂಟೆಯ ಕೋರ್ಸಿಗಿಂತ ಹದಿನೈದು ದಿನಕ್ಕೊಮ್ಮೆ ಬರುವ ಐದು ನಿಮಿಷದ ಎರಡು ಪ್ರಶ್ನೆಗಳು ಹೆಚ್ಚು ಕೆಲಸ ಮಾಡುತ್ತವೆ. ಬಿಡುವು ಕೊಟ್ಟು ಮರುಕಳಿಸಿದ್ದು ನೆನಪಿನಲ್ಲಿ ಉಳಿಯುತ್ತದೆ.

ಆದರೆ ನಾಲ್ಕು ಆಯ್ಕೆಗಳ ಪ್ರಶ್ನೆಗಳನ್ನು ನಂಬಬೇಡಿ. ಉತ್ತರಗಳು 0.3, 0.6, 1.2, 3 ಎಂದು ಎದುರಿಗೇ ಇದ್ದಾಗ, ಲೆಕ್ಕದಲ್ಲಿ ಬೇರೇನೋ ಬಂದವರು ‘ಓಹೋ, ಎಲ್ಲೋ ತಪ್ಪಿದೆ’ ಎಂದು ತಿದ್ದಿಕೊಳ್ಳುತ್ತಾರೆ. ವಾರ್ಡಿನಲ್ಲಿ ಹಾಗೆ ತಿದ್ದಿಕೊಳ್ಳಲು ಯಾವ ಪಟ್ಟಿಯೂ ಇರುವುದಿಲ್ಲ. ಖಾಲಿ ಜಾಗದಲ್ಲಿ ಅಂಕಿಯನ್ನು ತಾವೇ ಬರೆಯುವಂತಿರಬೇಕು. ಮತ್ತು ಈ ವಿಧಾನ ಕೈಗೆ ಏನನ್ನೂ ಕಲಿಸುವುದಿಲ್ಲ ಎಂಬುದನ್ನು ಮರೆಯಬಾರದು. ಪ್ರಮಾಣಪತ್ರ ಮುದ್ರಿಸಿಕೊಂಡ ಮಾತ್ರಕ್ಕೆ ಸಿರಿಂಜ್ ಹಿಡಿಯುವ ಕೈ ಪಳಗುವುದಿಲ್ಲ.

ನಿಜವಾದ ಬಾಟಲಿ, ನಿಜವಾದ ಸಿರಿಂಜ್

ಮೊದಲು ಹೇಳಿದ ಸರಳ ವಿಧಾನ ಇದೇ. ಒಂದು ಟ್ರೇ ಬೇಕು. ಅದರಲ್ಲಿ ನಮ್ಮದೇ ವಾರ್ಡಿನಲ್ಲಿ ಬಳಕೆಯಲ್ಲಿರುವ, ಅವಧಿ ಮೀರಿದ ಅಥವಾ ಖಾಲಿಯಾದ ಮೇಲೆ ನೀರು ತುಂಬಿದ ಬಾಟಲಿಗಳು, ‘ತರಬೇತಿಗೆ ಮಾತ್ರ’ ಎಂದು ದೊಡ್ಡದಾಗಿ ಬರೆದ ಪಟ್ಟಿ ಅಂಟಿಸಿದ ವಯಲ್‌ಗಳು, 1, 2, 5 ಮತ್ತು 10 ಮಿ.ಲೀ. ಸಿರಿಂಜ್‌ಗಳು, ಬಾಯಿಯ ಮೂಲಕ ಕೊಡುವ ಸಿರಿಂಜ್‌ಗಳು, ಒಂದು ಔಷಧ ಚಾರ್ಟ್. ಮೂವರು ನಾಲ್ವರು ನರ್ಸ್‌ಗಳು, ಇಪ್ಪತ್ತು ನಿಮಿಷ, ಪಾಳಿ ಬದಲಾಗುವ ಹೊತ್ತು. ಪ್ರತಿಯೊಬ್ಬರೂ ಚಾರ್ಟ್ ಓದಿ, ಲೆಕ್ಕ ಹಾಕಿ, ಎಳೆದು, ಸಿರಿಂಜನ್ನು ಹೆಸರಿನ ಚೀಟಿಯೊಂದಿಗೆ ಮೇಜಿನ ಮೇಲಿಡಬೇಕು. ಮಾತಿಲ್ಲ. ಎಲ್ಲರೂ ಇಟ್ಟ ಮೇಲೆ ಸಿರಿಂಜ್‌ಗಳನ್ನು ಅಕ್ಕಪಕ್ಕ ಜೋಡಿಸಿ ಎಲ್ಲರೂ ಒಟ್ಟಿಗೆ ನೋಡುವುದು.

ಆ ನೋಟವೇ ಪಾಠ. ಒಂದು ಸಲ 2.4 ಕೆ.ಜಿ. ಶಿಶುವಿಗೆ ಕೆ.ಜಿ.ಗೆ 5 ಮಿ.ಗ್ರಾಂ ಲೆಕ್ಕದಲ್ಲಿ ಜೆಂಟಾಮೈಸಿನ್ ಎಂದು ಬರೆದಿಟ್ಟಿದ್ದೆ. ವಯಲಿನ ಮೇಲೆ ‘80 ಮಿ.ಗ್ರಾಂ / 2 ಮಿ.ಲೀ.’ ಎಂದಿದೆ; ಅಂದರೆ ಮಿ.ಲೀ.ಗೆ 40. ಬೇಕಾದದ್ದು 12 ಮಿ.ಗ್ರಾಂ, ಅಂದರೆ 0.3 ಮಿ.ಲೀ. ಮೇಜಿನ ಮೇಲೆ ನಾಲ್ಕು ಸಿರಿಂಜ್ ಬಂದವು. ಎರಡು 1 ಮಿ.ಲೀ. ಸಿರಿಂಜಿನಲ್ಲಿ ಗೆರೆಗೆ ಸರಿಯಾಗಿ ನಿಂತಿದ್ದವು. ಮೂರನೆಯದು 5 ಮಿ.ಲೀ. ಸಿರಿಂಜ್, ಅದರಲ್ಲಿ ಗೆರೆಗಳೇ 0.2 ಮಿ.ಲೀ.ಗೆ ಒಂದರಂತೆ ಇರುವುದರಿಂದ ಎರಡು ಗೆರೆಗಳ ನಡುವೆ ಎಲ್ಲೋ ಅಂದಾಜಿನಲ್ಲಿ ನಿಲ್ಲಿಸಲಾಗಿತ್ತು. ನಾಲ್ಕನೆಯದರಲ್ಲಿ 0.15 ಮಿ.ಲೀ. ಇತ್ತು: ಲೇಬಲ್ಲಿನ 80ನ್ನು ಮಿ.ಲೀ.ಗೆ 80 ಎಂದು ಓದಿದ್ದರು. ಹಾಗೆ ಓದಿದವರು ಲೆಕ್ಕದ ಹಾಳೆಯಲ್ಲಿ ಪೂರ್ಣ ಅಂಕ ಪಡೆದವರೇ. ಯಾರೂ ಏನೂ ಹೇಳಬೇಕಾಗಲಿಲ್ಲ. ಅವರೇ ವಯಲನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದರು.

ಈ ಟ್ರೇಯ ಮುಂದೆ ಮಾತ್ರ ಕಲಿಸಬಹುದಾದ ಕೆಲವು ಸಂಗತಿಗಳಿವೆ. ಸಿರಿಂಜಿನ ತುದಿಯಲ್ಲೂ ಸೂಜಿಯ ಬುಡದಲ್ಲೂ ಅಳತೆಗೆ ಸಿಗದ ಒಂದಿಷ್ಟು ದ್ರವ ನಿಂತಿರುತ್ತದೆ. 0.1 ಮಿ.ಲೀ. ಔಷಧವನ್ನು ಎಳೆದು, ಅದೇ ಸಿರಿಂಜಿಗೆ ಸಲೈನ್ ಎಳೆದುಕೊಂಡು ತೆಳುಗೊಳಿಸಿದರೆ, ತುದಿಯಲ್ಲಿ ನಿಂತಿದ್ದ ಔಷಧವೂ ಒಳಗೆ ಸೇರಿಕೊಳ್ಳುತ್ತದೆ, ಡೋಸ್ ನಾವು ಅಳೆದದ್ದಕ್ಕಿಂತ ಹೆಚ್ಚಾಗುತ್ತದೆ. ವಯಸ್ಕರಿಗೆ 5 ಮಿ.ಲೀ. ಕೊಡುವಾಗ ಲೆಕ್ಕಕ್ಕೇ ಬಾರದ ಈ ಹನಿ ನವಜಾತ ಶಿಶುವಿಗೆ ಡೋಸಿನ ದೊಡ್ಡ ಭಾಗ. ಬಣ್ಣದ ನೀರನ್ನು ಬಳಸಿ ಇದನ್ನು ತೋರಿಸಿದರೆ ಸಾಕು, ಮತ್ತೆ ಹೇಳಬೇಕಾಗುವುದಿಲ್ಲ: ತೆಳುಗೊಳಿಸುವ ದ್ರವವನ್ನು ಬೇರೆ ಸಿರಿಂಜಿನಲ್ಲಿ ಮೊದಲು ತೆಗೆದುಕೊಂಡು, ಅಳೆದ ಔಷಧವನ್ನು ಅದಕ್ಕೆ ಸೇರಿಸುವ ಅಭ್ಯಾಸ ತಾನಾಗಿಯೇ ಬರುತ್ತದೆ. ಅದೇ ರೀತಿ ಪುಡಿಯ ವಯಲಿನಲ್ಲಿ ಪುಡಿಯೇ ಒಂದಿಷ್ಟು ಜಾಗ ಹಿಡಿಯುತ್ತದೆ. 1 ಗ್ರಾಂ ಸೆಫ್ಟ್ರಿಯಾಕ್ಸೋನ್‌ಗೆ 9.6 ಮಿ.ಲೀ. ಹಾಕಿದರೆ 10 ಮಿ.ಲೀ. ದ್ರಾವಣವಾಗುತ್ತದೆ ಎಂಬುದನ್ನು ಓದುವುದಕ್ಕೂ ಕಣ್ಣಾರೆ ನೋಡುವುದಕ್ಕೂ ವ್ಯತ್ಯಾಸವಿದೆ. ಬಾಯಿಯ ಮೂಲಕ ಕೊಡುವ ಸಿರಿಂಜ್ ರಕ್ತನಾಳದ ಕೊಳವೆಗೆ ಏಕೆ ಕೂರುವುದಿಲ್ಲ, ಕೂರುವ ಸಿರಿಂಜಿನಲ್ಲಿ ಸಿರಪ್ ಏಕೆ ಎಳೆಯಬಾರದು ಎಂಬುದೂ ಇಲ್ಲಿಯೇ ಮನಸ್ಸಿಗೆ ನಾಟುತ್ತದೆ.

ಇದರ ಮಿತಿಯೂ ಸ್ಪಷ್ಟ. ಟ್ರೇಯ ಮುಂದೆ ಅಳುವ ಮಗುವಿಲ್ಲ, ಆತಂಕಗೊಂಡ ತಾಯಿಯಿಲ್ಲ, ಫೋನ್ ಬಡಿದುಕೊಳ್ಳುವುದಿಲ್ಲ. ಒತ್ತಡದಲ್ಲಿ ಅದೇ ಕೈ ಏನು ಮಾಡುತ್ತದೆ ಎಂಬುದನ್ನು ಅದು ತೋರಿಸದು.

ಸಿಮ್ಯುಲೇಷನ್

ಒತ್ತಡವನ್ನು ತೋರಿಸುವುದೇ ಸಿಮ್ಯುಲೇಷನ್ನಿನ ಕೆಲಸ. ಉಸಿರಾಡುವ, ಅಳುವ, ಮೈ ನೀಲಿಯಾಗುವ ಮಗುವಿನ ಗೊಂಬೆ, ಮಾನಿಟರ್, ಪಾತ್ರ ವಹಿಸುವ ತಾಯಿ, ಎಲ್ಲವೂ ಇರುವ ಪ್ರಯೋಗಶಾಲೆ ನೋಡಿದವರಿಗೆ ಅದನ್ನೇ ಆರಿಸಬೇಕೆನಿಸುತ್ತದೆ. ಈ ವಿಧಾನಕ್ಕೆ ಆಧಾರವೂ ಇದೆ: ಅಮೆರಿಕದ ಹತ್ತು ನರ್ಸಿಂಗ್ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ಕಳೆಯಬೇಕಾದ ಅವಧಿಯ ಅರ್ಧದಷ್ಟನ್ನು ಉತ್ತಮ ಗುಣಮಟ್ಟದ ಸಿಮ್ಯುಲೇಷನ್ನಿನಿಂದ ಭರ್ತಿ ಮಾಡಿದರೂ ವಿದ್ಯಾರ್ಥಿಗಳ ಸಾಮರ್ಥ್ಯ ಕುಂದಲಿಲ್ಲ. ‘ಉತ್ತಮ ಗುಣಮಟ್ಟದ’ ಎಂಬ ಮಾತನ್ನು ಓದುವವರು ಹಾರಿಸಿಬಿಡುತ್ತಾರೆ. ಗುಣಮಟ್ಟ ಗೊಂಬೆಯಲ್ಲಿಲ್ಲ, ತರಬೇತಿ ಪಡೆದ ಮಾರ್ಗದರ್ಶಕರಲ್ಲಿದೆ, ಮತ್ತು ಪ್ರಸಂಗ ಮುಗಿದ ಮೇಲೆ ಕೂತು ನಡೆಸುವ ಮರುಚರ್ಚೆಯಲ್ಲಿದೆ. ಹತ್ತು ನಿಮಿಷದ ಪ್ರಸಂಗಕ್ಕೆ ಇಪ್ಪತ್ತು ನಿಮಿಷದ ಚರ್ಚೆಗೆ ಸಮಯವಿಲ್ಲದಿದ್ದರೆ ಸಿಮ್ಯುಲೇಷನನ್ನು ಆರಿಸದಿರುವುದೇ ಮೇಲು.

ಎಲ್ಲಿ ಇದಕ್ಕೆ ಸಮನಾದದ್ದು ಇಲ್ಲ? ಅಪರೂಪಕ್ಕೆ ಬರುವ, ಬಂದಾಗ ತಡೆದು ಯೋಚಿಸಲು ಬಿಡದ ಸಂದರ್ಭಗಳಲ್ಲಿ. ಹೃದಯ ನಿಂತ ಮಗುವಿಗೆ ಅಡ್ರಿನಲಿನ್ ಕೆ.ಜಿ.ಗೆ 0.01 ಮಿ.ಗ್ರಾಂ. ಮಿ.ಲೀ.ಗೆ 0.1 ಮಿ.ಗ್ರಾಂ ಇರುವ ದ್ರಾವಣವಾದರೆ ಹತ್ತು ಕೆ.ಜಿ. ಮಗುವಿಗೆ 1 ಮಿ.ಲೀ.; ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪೂಲನ್ನು ತೆಳುಗೊಳಿಸದೆ ಅಷ್ಟೇ ಕೊಟ್ಟರೆ ಹತ್ತು ಪಟ್ಟು. ಇದನ್ನು ಬಾಯಿಪಾಠ ಮಾಡಿದವರೂ ನಾಲ್ಕು ಜನ ಒಟ್ಟಿಗೆ ಕೂಗುತ್ತಿರುವಾಗ ತಡವರಿಸುತ್ತಾರೆ. ಕೇಳಿದ ಆದೇಶವನ್ನು ಜೋರಾಗಿ ಮರುನುಡಿಯುವುದು, ‘ಯಾವ ದ್ರಾವಣ?’ ಎಂದು ಹಿರಿಯ ವೈದ್ಯರನ್ನು ಕೇಳುವ ಧೈರ್ಯ, ತೂಕ ಗೊತ್ತಿಲ್ಲದಾಗ ಮಗುವಿನ ಉದ್ದ ಅಳೆದು ಬಣ್ಣದ ವಲಯದಿಂದ ಡೋಸ್ ಹೇಳುವ ಬ್ರೋಸ್‌ಲೋ ಟೇಪನ್ನು ಹಾಸುವುದು, ಇವೆಲ್ಲ ಗುಂಪಿನಲ್ಲಿ ಮಾಡಿಯೇ ಕಲಿಯಬೇಕು.

ಪ್ರಯೋಗಶಾಲೆ ಇಲ್ಲದವರು ಕೈಚೆಲ್ಲಬೇಕಿಲ್ಲ. ಸಾಮಾನ್ಯ ಗೊಂಬೆಯನ್ನು ವಾರ್ಡಿನದೇ ಹಾಸಿಗೆಯ ಮೇಲೆ ಮಲಗಿಸಿ, ವಾರ್ಡಿನದೇ ತುರ್ತು ಟ್ರಾಲಿಯಿಂದ ಔಷಧ ತೆಗೆಯಲು ಹೇಳಿದರೆ, ದೂರದ ಪ್ರಯೋಗಶಾಲೆ ತೋರಿಸದ ಸತ್ಯಗಳು ಹೊರಬೀಳುತ್ತವೆ: ಟ್ರಾಲಿಯ ಎರಡನೆಯ ಖಾನೆ ಸಿಕ್ಕಿಹಾಕಿಕೊಳ್ಳುತ್ತದೆ, 1 ಮಿ.ಲೀ. ಸಿರಿಂಜ್ ಮುಗಿದಿದೆ, ಎರಡು ಬೇರೆ ಬೇರೆ ಆಂಪೂಲ್‌ಗಳು ಒಂದೇ ಡಬ್ಬದಲ್ಲಿವೆ. ದುಬಾರಿ ಗೊಂಬೆ ಮತ್ತು ಸ್ವಂತ ವಾರ್ಡ್ ಇವೆರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ವಾರ್ಡನ್ನೇ ಆರಿಸುತ್ತೇನೆ.

ಹಾಸಿಗೆಯ ಪಕ್ಕದ ಕಲಿಕೆ

ವೈದ್ಯಕೀಯ ಶಿಕ್ಷಣದಲ್ಲಿ ಜಾರ್ಜ್ ಮಿಲ್ಲರ್ 1990ರಲ್ಲಿ ಕೊಟ್ಟ ಪಿರಮಿಡ್ಡಿನಲ್ಲಿ ನಾಲ್ಕು ಮೆಟ್ಟಿಲುಗಳಿವೆ: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜವಾಗಿ ಮಾಡುವುದು. ತರಗತಿ ಮತ್ತು ಆನ್‌ಲೈನ್ ಪಾಠ ಮೊದಲೆರಡು ಮೆಟ್ಟಿಲಲ್ಲಿ, ಟ್ರೇ ಮತ್ತು ಸಿಮ್ಯುಲೇಷನ್ ಮೂರನೆಯದರಲ್ಲಿ ನಿಲ್ಲುತ್ತವೆ. ನಾಲ್ಕನೆಯದನ್ನು ಮುಟ್ಟುವುದು ಹಾಸಿಗೆಯ ಪಕ್ಕದ ಕಲಿಕೆಯೊಂದೇ. ಎಂಟು ತಿಂಗಳ ಮಗುವನ್ನು ತುಸು ಎತ್ತರಿಸಿ ಹಿಡಿದು, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು, ನುಂಗಿದ್ದನ್ನು ನೋಡಿಕೊಂಡು ಮುಂದಿನ ಗುಟುಕು ಬಿಡುವುದು ಗೊಂಬೆಯ ಮೇಲೆ ಬರುವ ವಿದ್ಯೆಯಲ್ಲ. ಔಷಧವನ್ನು ಪೂರ್ತಿ ಬಾಟಲಿ ಹಾಲಿಗೆ ಬೆರೆಸಿದರೆ ಮಗು ಅರ್ಧ ಕುಡಿದು ಬಿಟ್ಟಾಗ ಎಷ್ಟು ಔಷಧ ಒಳಗೆ ಹೋಯಿತೆಂದು ಹೇಳಲಾಗದು ಎಂಬುದೂ, ನಾಲ್ಕು ವರ್ಷದ ಮಗುವಿಗೆ ‘ಇದು ಮಿಠಾಯಿ’ ಎಂದು ಸುಳ್ಳು ಹೇಳಿದರೆ ಮುಂದೆ ಆ ಬಾಟಲಿಯನ್ನು ಅದು ತಾನೇ ಹುಡುಕಿಕೊಂಡು ಹೋದೀತು ಎಂಬುದೂ ಅಲ್ಲಿಯೇ ಕಲಿಯುವ ಪಾಠಗಳು.

ಅಪಾಯವಿರುವುದು ಯಾರ ಪಕ್ಕದಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲಿ. ಅನುಭವಿಗಳ ಜೊತೆ ಅವರ ಒಳದಾರಿಗಳೂ ಕಿರಿಯರಿಗೆ ದಾಟುತ್ತವೆ. ಇದಕ್ಕೆ ಒಳ್ಳೆಯ ಉದಾಹರಣೆ ಇಬ್ಬರು ನರ್ಸ್‌ಗಳು ಸೇರಿ ಮಾಡುವ ಎರಡನೆಯ ಪರಿಶೀಲನೆ. ಮೊದಲಿನವರು ‘ಇದು 0.3 ಮಿ.ಲೀ., ಸರಿ ಇದೆಯಲ್ವಾ ಸಿಸ್ಟರ್?’ ಎಂದು ಕೇಳುತ್ತಾರೆ, ಎರಡನೆಯವರು ಸಿರಿಂಜ್ ನೋಡಿ ತಲೆಯಾಡಿಸಿ ಸಹಿ ಹಾಕುತ್ತಾರೆ. ಉತ್ತರವನ್ನು ಮೊದಲೇ ಹೇಳಿ ಕೇಳುವುದು ಪರಿಶೀಲನೆಯಲ್ಲ. ಆಸ್ಟ್ರೇಲಿಯಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ ನರ್ಸ್‌ಗಳ ಕೆಲಸವನ್ನು ನೇರವಾಗಿ ಗಮನಿಸಿ ನಡೆಸಿದ ಅಧ್ಯಯನವೊಂದರಲ್ಲಿ, ಎರಡನೆಯ ಪರಿಶೀಲನೆಗಳಲ್ಲಿ ಹೆಚ್ಚಿನವು ಹೀಗೆ ಉತ್ತರ ಹೇಳಿಕೊಟ್ಟು ನಡೆದವೇ ಆಗಿದ್ದವು. ಸ್ವತಂತ್ರವಾಗಿ ನಡೆದವು ತೀರ ಕಡಿಮೆ. ಆದ್ದರಿಂದ ಮಾರ್ಗದರ್ಶಕರನ್ನು ಸೇವಾ ವರ್ಷಗಳ ಲೆಕ್ಕದಲ್ಲಿ ಆರಿಸದೆ, ಟ್ರೇಯ ಮುಂದೆ ಅವರ ಕೈಯನ್ನೂ ನೋಡಿ ಆರಿಸಬೇಕು, ಮತ್ತು ಎರಡನೆಯವರು ಚಾರ್ಟಿನಿಂದ ಆರಂಭಿಸಿ ತಾವೇ ಲೆಕ್ಕ ಹಾಕಿ ಆಮೇಲೆ ಮಾತ್ರ ಹೋಲಿಸುವುದನ್ನು ಅವರಿಂದಲೇ ಮಾಡಿಸಬೇಕು.

ತಪ್ಪಿನ ಸುತ್ತ ಕೂತು ಮಾತನಾಡುವುದು

ತಿಂಗಳಿಗೊಮ್ಮೆ ಒಂದು ಘಟನೆಯನ್ನು ಹೆಸರಿಲ್ಲದೆ ಮುಂದಿಟ್ಟುಕೊಂಡು ಅರ್ಧ ಗಂಟೆ ಚರ್ಚಿಸುವುದು ಅಗ್ಗದ, ಪರಿಣಾಮಕಾರಿಯಾದ ಪೂರಕ ವಿಧಾನ. ಒಂದೇ ಷರತ್ತು: ಯಾರ ತಪ್ಪೆಂದು ಹುಡುಕುವ ಸಭೆಯಾದ ದಿನವೇ ಅದು ಸತ್ತಂತೆ. ತಪ್ಪನ್ನು ಹೇಳಿಕೊಂಡವರಿಗೆ ಮೆಮೊ ಕೊಡುವ ಕಡೆ ಇದನ್ನು ಆರಂಭಿಸಲೇಬೇಡಿ.

ಯಾರಿಗೆ ಯಾವುದು

ಹೊಸದಾಗಿ ಪದವಿ ಮುಗಿಸಿ ಬಂದವರಿಗೆ ತರಗತಿಯ ಪಾಠ ಮೊಟಕಾಗಿರಲಿ, ಟ್ರೇಯ ಅಭ್ಯಾಸ ವಾರಕ್ಕೆರಡು ಸಲವಾದರೂ ಇರಲಿ, ಅದಾದ ಮೇಲೆ ಆಯ್ದ ಮಾರ್ಗದರ್ಶಕರ ಜೊತೆ ಹಾಸಿಗೆಯ ಪಕ್ಕದ ಕಲಿಕೆ. ವಯಸ್ಕರ ವಾರ್ಡಿನಿಂದ ಬಂದ ಅನುಭವಿಗಳ ವಿಷಯ ಬೇರೆ. ಅವರ ಕೈ ಪಳಗಿದೆ, ಆದರೆ ಪಳಗಿರುವುದು ಪೂರ್ತಿ ಆಂಪೂಲಿಗೆ. ಅವರಿಗೆ ಕೈಯ ಅಭ್ಯಾಸಕ್ಕಿಂತ ಮೊದಲು ಶಿಶುವಿನ ದೇಹದ ಬಗೆಗಿನ ತಿಳಿವಳಿಕೆ ಬೇಕು, ಹಾಗೂ ‘ನನಗೆ ಗೊತ್ತು’ ಎಂಬ ಭಾವವನ್ನು ಮೆಲ್ಲನೆ ಅಲುಗಿಸುವ ಒಂದು ಟ್ರೇ ಬೇಕು. ಮೇಲೆ ಹೇಳಿದ ಮಾರ್ಫಿನ್ ಲೆಕ್ಕ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ತೆಳುಗೊಳಿಸುವಿಕೆ ಮತ್ತು ಇನ್‌ಫ್ಯೂಷನ್ ಪಂಪಿನ (ಔಷಧವನ್ನು ನಿಗದಿತ ವೇಗದಲ್ಲಿ ರಕ್ತನಾಳಕ್ಕೆ ಹರಿಸುವ ಯಂತ್ರದ) ಅಭ್ಯಾಸಕ್ಕೆ ಹೆಚ್ಚಿನ ಸಮಯ ಹೋಗಬೇಕು, ಅದರ ಜೊತೆಗೆ ಮೂರು ತಿಂಗಳಿಗೊಮ್ಮೆಯಾದರೂ ತುರ್ತು ಪ್ರಸಂಗದ ಸಿಮ್ಯುಲೇಷನ್. ಮಕ್ಕಳು ಅಪರೂಪಕ್ಕೆ ಬರುವ ಸಾಮಾನ್ಯ ಆಸ್ಪತ್ರೆಗೆ ವಿಸ್ತಾರವಾದ ಕೋರ್ಸ್ ಕೊಟ್ಟರೂ ಬಳಕೆಯಿಲ್ಲದೆ ಮರೆತುಹೋಗುತ್ತದೆ. ಅಲ್ಲಿ ಗೋಡೆಯ ಮೇಲಿನ ಡೋಸ್ ಪಟ್ಟಿ, ತೂಕದ ಯಂತ್ರ, ಉದ್ದ ಅಳೆಯುವ ಟೇಪು ಮತ್ತು ಆಗಾಗ ಟ್ರೇ, ಇಷ್ಟೇ ಹೆಚ್ಚು ಉಪಯುಕ್ತ.

ತರಬೇತಿ ಫಲಿಸಿತೇ ಎಂದು ತಿಳಿಯಲು ಕೊನೆಯ ದಿನದ ಪರೀಕ್ಷೆಯನ್ನು ನೋಡಬೇಡಿ. ಮೂರು ತಿಂಗಳ ಬಳಿಕ ಮುನ್ಸೂಚನೆಯಿಲ್ಲದೆ ಅದೇ ಟ್ರೇ ಇಟ್ಟು ನೋಡಿ. ವರದಿಯಾಗುವ ತಪ್ಪುಗಳ ಸಂಖ್ಯೆ ಮೊದಲಿಗೆ ಏರಿದರೆ ಗಾಬರಿ ಬೇಡ. ಜನ ಹೇಳಿಕೊಳ್ಳಲು ಆರಂಭಿಸಿದ್ದಾರೆ ಎಂದು ತಿಳಿಯಿರಿ.

ತರಬೇತಿಯಿಂದ ಆಗದ್ದು

2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಆರು ಅವಧಿಪೂರ್ವ ಶಿಶುಗಳಿಗೆ ಮಿ.ಲೀ.ಗೆ 10 ಯೂನಿಟ್ ಇರುವ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಬದಲು 10,000 ಯೂನಿಟ್ ಇರುವುದು ಹೋಯಿತು, ಮೂರು ಶಿಶುಗಳು ತೀರಿಕೊಂಡವು. ತಪ್ಪು ವಯಲ್ ಔಷಧದ ಖಾನೆಗೆ ಮೊದಲೇ ಸೇರಿಹೋಗಿತ್ತು, ಎರಡರ ಲೇಬಲ್ಲಿನ ಬಣ್ಣವೂ ನೀಲಿಯ ಛಾಯೆಗಳೇ. ಇಂಥ ಕಡೆ ‘ಇನ್ನಷ್ಟು ಜಾಗರೂಕರಾಗಿರಿ’ ಎಂದು ನರ್ಸ್‌ಗಳಿಗೆ ಪಾಠ ಮಾಡುವುದು ದುರ್ಬಲ ಉಪಾಯ. ಗಾಢ ದ್ರಾವಣವನ್ನು ಆ ವಾರ್ಡಿಗೆ ಕಳುಹಿಸದಿರುವುದು ಬಲವಾದ ಉಪಾಯ. ಗಾಢ ಪೊಟ್ಯಾಸಿಯಂ ಕ್ಲೋರೈಡನ್ನು ವಾರ್ಡಿನ ಕಪಾಟಿನಿಂದ ತೆಗೆದಿಡುವುದರ ಹಿಂದಿನ ತರ್ಕವೂ ಇದೇ. ಔಷಧ ಸಿದ್ಧಪಡಿಸುವಾಗಿನ ಅಡಚಣೆಗಳೂ ಹಾಗೆಯೇ: 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಪ್ರತಿ ಅಡಚಣೆಯ ಜೊತೆಗೂ ತಪ್ಪುಗಳು ಶೇ. 12ಕ್ಕೂ ಹೆಚ್ಚು ಏರುವುದು ಕಂಡುಬಂದಿತ್ತು. ಔಷಧದ ಮೇಜನ್ನು ದಾರಿಯ ನಡುವಿನಿಂದ ಮೂಲೆಗೆ ಸರಿಸಲು ಯಾವ ಕೋರ್ಸೂ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಹಾನಿಯಿಲ್ಲದ ಔಷಧ’ ಎಂಬ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿದಾಗಲೂ ಔಷಧಗಳು, ವ್ಯವಸ್ಥೆಗಳು, ಸಿಬ್ಬಂದಿ, ರೋಗಿಗಳು ಎಂದು ನಾಲ್ಕೂ ಕಡೆ ಗಮನವಿಟ್ಟಿತ್ತು. ತರಬೇತಿ ಅದರ ಒಂದು ಭಾಗವಷ್ಟೇ.

ಆ ನಾಲ್ಕರಲ್ಲಿ ಕೊನೆಯದನ್ನು, ಅಂದರೆ ಮಗುವಿನ ಮನೆಯವರನ್ನು, ತರಬೇತಿಯ ಯೋಜನೆಗಳು ಸಾಮಾನ್ಯವಾಗಿ ಮರೆಯುತ್ತವೆ. ಮನೆಗೆ ಹೋದ ಮೇಲೆ ಔಷಧ ಅಳೆಯುವವರು ಅವರೇ, ಅವರ ಕೈಯಲ್ಲಿರುವುದು ಹೆಚ್ಚಾಗಿ ಅಡುಗೆಮನೆಯ ಚಮಚ, ಒಂದೊಂದು ಚಮಚಕ್ಕೂ ಒಂದೊಂದು ಅಳತೆ. ‘ದಿನಕ್ಕೆ ಮೂರು ಸಲ 3 ಮಿ.ಲೀ.’ ಎಂದು ಹೇಳಿ ಕಳುಹಿಸುವ ನರ್ಸಿಗೂ, ಸಿರಿಂಜಿನ ಮೇಲೆ 3ರ ಗೆರೆಗೆ ಬಣ್ಣದ ಟೇಪು ಸುತ್ತಿ, ಬಾಟಲಿಯನ್ನು ತಾಯಿಯ ಕೈಗೇ ಕೊಟ್ಟು, ಅವರು ಅಲುಗಾಡಿಸಿ ಎಳೆದು ತೋರಿಸುವವರೆಗೆ ಕಾಯುವ ನರ್ಸಿಗೂ ಇರುವ ವ್ಯತ್ಯಾಸವನ್ನು ತರಗತಿಯಾಗಲಿ ಆನ್‌ಲೈನ್ ಪಾಠವಾಗಲಿ ತುಂಬಲಾರದು. ಹಾಗಾಗಿ ಈಚೆಗೆ ನಾನು ಟ್ರೇಯ ಕೊನೆಯ ಐದು ನಿಮಿಷವನ್ನು ಇದಕ್ಕೇ ಮೀಸಲಿಡುತ್ತೇನೆ: ಒಬ್ಬರು ನರ್ಸ್, ತಾಯಿಯ ಪಾತ್ರದಲ್ಲಿ ಇನ್ನೊಬ್ಬರು, ನಡುವೆ ಒಂದು ಬಾಟಲಿ, ಮತ್ತು ತಾಯಿಯಾದವರು ಮೊದಲ ಸಲ ತಪ್ಪಾಗಿಯೇ ಎಳೆಯಬೇಕು ಎಂಬ ಸೂಚನೆ.